ಅಜ್ಜಾ, ರೇಡಿಯೊ ಎಲ್ಲಿ ಇಡ್ತಿದ್ದೆ?

ನಾನು ದಾವಣಗೆರೆಯವಳು. ಒಂಬತ್ತು ವರ್ಷದಿಂದ ಆಕಾಶವಾಣಿ ಚಿತ್ರದುರ್ಗದಲ್ಲಿ ಕ್ಯಾಶುಯಲ್ ಅನೌನ್ಸರ್. ತಿಂಗಳಿಗೆ ಕೆಲವೇ ಡ್ಯೂಟಿ ಸಿಗುತ್ತವೆ. ಬೆಳಗಿನ ಡ್ಯೂಟಿ ಬಿದ್ದರೆ ಹಿಂದಿನ ರಾತ್ರಿಯೇ ಬಸ್ ಹತ್ತುತ್ತೇನೆ. ಆನಗೋಡು, ಭರಮಸಾಗರ ದಾಟಿ ದುರ್ಗದ ಗುಡ್ಡಗಳ ಗಾಳಿಯಂತ್ರಗಳ ಕೆಂಪು ದೀಪ ಕಂಡರೆ ಊರು ಬಂತು ಅಂತ ಲೆಕ್ಕ. ಚಿಕ್ಕಮ್ಮನ ಮನೆಯಲ್ಲಿ ಮಲಗಿ, ನಸುಕಿಗೇ ಎದ್ದು ಸ್ಟುಡಿಯೊಗೆ ಹೋಗುತ್ತೇನೆ. ಆರಕ್ಕೆ ಐದು ನಿಮಿಷ ಇರುವಾಗ ಆ ಹಳೆಯ ಟ್ಯೂನ್ ಶುರುವಾಗುತ್ತದೆ. ಆಮೇಲೆ ವಂದೇ ಮಾತರಂ, ಮಂಗಳಧ್ವನಿ. ಕೆಂಪು ದೀಪ ಹತ್ತಿದ ಮೇಲೆ ಮೊದಲ ಮಾತು ನನ್ನದು. ಇಷ್ಟು ವರ್ಷ ಆದರೂ ಆ ಒಂದು ಕ್ಷಣ ಎದೆ ಡಬಡಬ ಅನ್ನುವುದು ನಿಂತಿಲ್ಲ.

ಎರಡು ವರ್ಷದ ಹಿಂದೆ ಫೆಬ್ರವರಿ 13ರ ವಿಶ್ವ ರೇಡಿಯೊ ದಿನಕ್ಕೆ ಯುವಜನರಿಗಾಗಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡುವ ಅವಕಾಶ ಸಿಕ್ಕಿತು. ವಿಷಯ ನಾನೇ ಆರಿಸಿಕೊಂಡೆ: ನಮ್ಮ ರೇಡಿಯೊದ ಇತಿಹಾಸ. ಹದಿನೈದು ದಿನ ಓದಿದೆ. 1927ರ ಜುಲೈ 23ರಂದು ಮುಂಬೈಯಲ್ಲಿ ರೇಡಿಯೊ ಪ್ರಸಾರ ಶುರು ಮಾಡಿದ ಖಾಸಗಿ ಕಂಪನಿ, ಮೂರೇ ವರ್ಷಕ್ಕೆ ಅದು ಮುಳುಗಿದ್ದು, ಸರ್ಕಾರ ಕೈಗೆ ತೆಗೆದುಕೊಂಡಿದ್ದು, 1936ರ ಜೂನ್ 8ಕ್ಕೆ ಆಲ್ ಇಂಡಿಯಾ ರೇಡಿಯೊ ಅನ್ನುವ ಹೆಸರು ಬಂದಿದ್ದು. ಅದಕ್ಕೂ ಒಂಬತ್ತು ತಿಂಗಳ ಮೊದಲೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದು. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆ ಹೋಗಿದ್ದು ಆ ಮನೆಯಿಂದಲೇ. ಎಲ್ಲವನ್ನೂ ಬರೆದೆ, ಚೆನ್ನಾಗಿ ಓದಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ವಾರಕ್ಕೊಮ್ಮೆ ನಾನು ಮಾತುಗಾರಿಕೆ ಹೇಳಿಕೊಡುತ್ತೇನೆ. ಪ್ರಸಾರ ಆದ ಮಾರನೇ ದಿನ ಅಲ್ಲಿನ ಮಕ್ಕಳನ್ನು ಕೇಳಿದೆ. ನಾನು ಹೇಳಿದ್ದೆನಲ್ಲ ಅಂತ ಆರೇಳು ಜನ ಹಚ್ಚಿದ್ದರು. ಕೊನೆವರೆಗೆ ಕೇಳಿದವರು ಯಾರೂ ಇಲ್ಲ. ಒಬ್ಬ ಹುಡುಗ ತುಂಬ ಮರ್ಯಾದೆಯಿಂದ ಎದ್ದು ನಿಂತು ಕೇಳಿದ: "ಮೇಡಂ, ಇದು ಪರೀಕ್ಷೆಗೆ ಬರುತ್ತಾ?"

ಅವನು ಛೇಡಿಸಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಇಸವಿಗಳ ಪಟ್ಟಿ ಹೇಳಿದರೆ ಅವರಿಗೆ ಅದು ಪಾಠದ ಹಾಗೇ ಕೇಳಿಸಿತ್ತು. ಅವತ್ತು ಮನೆಗೆ ಬಂದು ಅದೇ ಟಿಪ್ಪಣಿಗಳನ್ನು ಮತ್ತೆ ತೆಗೆದೆ. ಈ ಸಲ ಬೇರೆ ಪ್ರಶ್ನೆ ಇಟ್ಟುಕೊಂಡು ಓದಿದೆ. ಹುಡುಗರು ರೇಡಿಯೊ ಕೇಳುತ್ತಿಲ್ಲ ಅನ್ನುವ ಚಿಂತೆ ಆಕಾಶವಾಣಿಗೆ ಮೊದಲು ಬಂದಿದ್ದು ಯಾವಾಗ?

ಉತ್ತರ ಸಿಕ್ಕಿದ್ದು 1952ರಲ್ಲಿ. ಆ ವರ್ಷ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತ ಅಂದರೆ ಅವರಿಗೆ ಪ್ರಾಣ. ಜನರ ಕಿವಿ ತಿದ್ದಬೇಕು ಅನ್ನುವುದು ಅವರ ಆಸೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇ ಹೋಯಿತು. ಆಗ ಹುಡುಗರು ಏನು ಮಾಡಿದರು? ಅರ್ಜಿ ಬರೆಯಲಿಲ್ಲ, ಜಗಳ ಆಡಲಿಲ್ಲ. ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ, ಅಂದರೆ ಈಗಿನ ಶ್ರೀಲಂಕಾದ ರೇಡಿಯೊಗೆ ಹೋದರು. ಅದೇ ಡಿಸೆಂಬರ್‌ನಲ್ಲಿ ಅಲ್ಲಿ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾಗಿತ್ತು. ಬುಧವಾರ ರಾತ್ರಿ ಎಂಟು ಗಂಟೆ ಅಂದರೆ ದೇಶದ ಹುಡುಗರೆಲ್ಲ ಸಿಲೋನ್‌ನಲ್ಲಿ. ಅವರನ್ನು ವಾಪಸ್ ಕರೆಯಲು ಆಕಾಶವಾಣಿ ಸಿನಿಮಾ ಹಾಡು, ಮನರಂಜನೆಯ ವಿವಿಧ ಭಾರತಿ ಶುರು ಮಾಡಿದ್ದು 1957ರ ಅಕ್ಟೋಬರ್ 3ಕ್ಕೆ. ಐದು ವರ್ಷ ಬೇಕಾಯಿತು.

ಕೇಸ್ಕರ್ ಬಗ್ಗೆ ನನಗೆ ಕೋಪ ಇಲ್ಲ. ಆಕಾಶವಾಣಿಯ ಸಂಗೀತ ಸಮ್ಮೇಳನ, ಕಲಾವಿದರ ಆಡಿಷನ್, ಗ್ರೇಡು ಇವೆಲ್ಲ ಗಟ್ಟಿಯಾಗಿದ್ದು ಅವರ ಕಾಲದಲ್ಲಿ. ಆದರೆ ಕೇಳುವವರ ಮೇಲೆ ಒಳ್ಳೆಯದನ್ನು ಹೇರಲು ಆಗುವುದಿಲ್ಲ. ನನ್ನ ಫೆಬ್ರವರಿಯ ಕಾರ್ಯಕ್ರಮದಲ್ಲಿ ನಾನು ಮಾಡಿದ್ದೂ ಅದನ್ನೇ.

ಇನ್ನೊಂದು ದಿನಾಂಕ ನನ್ನನ್ನು ಹಿಡಿದು ನಿಲ್ಲಿಸಿತು. 1969ರ ಜುಲೈ 21. ದೆಹಲಿಯಲ್ಲಿ ಯುವವಾಣಿ ಶುರುವಾದ ದಿನ. ಅಲ್ಲಿಯವರೆಗೆ ದೊಡ್ಡವರು ಹುಡುಗರಿಗಾಗಿ ಕಾರ್ಯಕ್ರಮ ಮಾಡುತ್ತಿದ್ದರು. ಯುವವಾಣಿಯಲ್ಲಿ ಹುಡುಗರ ಕೈಗೇ ಮೈಕ್ ಕೊಟ್ಟರು. (ಚಂದ್ರನ ಮೇಲೆ ಮನುಷ್ಯ ಕಾಲಿಟ್ಟಾಗ ನಮ್ಮ ಗಡಿಯಾರದಲ್ಲೂ ಅದೇ ಜುಲೈ 21ರ ಬೆಳಗ್ಗೆ. ಇದನ್ನು ಹುಡುಕಿ ಹೇಳಿದ್ದು ಒಬ್ಬ ವಿದ್ಯಾರ್ಥಿನಿ.) ಸರಿ, ಮೈಕ್ ಕೊಡೋಣ ಅಂದುಕೊಂಡೆ.

ಮುಂದಿನ ಕಾರ್ಯಕ್ರಮಕ್ಕೆ ನಾನು ಒಂದು ಸಾಲೂ ಬರೆಯಲಿಲ್ಲ. ಹನ್ನೊಂದು ಮಕ್ಕಳಿಗೆ ಒಂದು ಕೆಲಸ ಹೇಳಿದೆ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರಿದ್ದಾರೋ ಅವರ ಹತ್ತಿರ ಕೂತು ರೇಡಿಯೊ ವಿಷಯ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ.

ಮೊದಲ ಸಲ ಹನ್ನೊಂದರಲ್ಲಿ ನಾಲ್ಕು ಮಾತ್ರ ಕೆಲಸಕ್ಕೆ ಬಂದವು. ತಪ್ಪು ನನ್ನದೇ, ಹೇಗೆ ಮಾಡಬೇಕು ಅಂತ ನಾನು ಸರಿಯಾಗಿ ಹೇಳಿರಲಿಲ್ಲ. ಒಂದರಲ್ಲಿ ಫ್ಯಾನಿನ ಗಾಳಿ ಅಜ್ಜಿಯ ಮಾತನ್ನೇ ನುಂಗಿತ್ತು. ಇನ್ನೊಂದರಲ್ಲಿ ಕುಕ್ಕರ್. ಮೂವರು ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಒತ್ತಿ ಮಾತಾಡಿಸಿ ಕಳಿಸಿದ್ದರು. ಅದರಲ್ಲಿ ದನಿ ಹಿಂಡಿ ಸಣ್ಣದಾಗುತ್ತದೆ, ಪ್ರಸಾರಕ್ಕೆ ಬರುವುದಿಲ್ಲ. ಫೋನಿನ ರೆಕಾರ್ಡರ್‌ನಲ್ಲಿ ಮಾಡಿ, ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಬೇಕು.

ಎರಡನೇ ಸಲ ಒಬ್ಬೊಬ್ಬರಿಗೂ ಕೂರಿಸಿ ಹೇಳಿಕೊಟ್ಟೆ. ಫೋನ್ ಫ್ಲೈಟ್ ಮೋಡ್‌ಗೆ ಹಾಕಿ. ಟವೆಲ್ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಡಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಫ್ಯಾನ್ ಆರಿಸಿ. ಫ್ರಿಡ್ಜ್ ಕೂಡ ಆರಿಸಿ, ಗಾಡಿ ಕೀ ಅದರೊಳಗೆ ಇಡಿ. ಹೊರಗೆ ಹೊರಟಾಗ ಕೀ ಹುಡುಕುತ್ತೀರಿ, ಫ್ರಿಡ್ಜ್ ಹಾಕುವುದೂ ನೆನಪಾಗುತ್ತದೆ. ಅವರು ಮಾತಾಡುವಾಗ ಹೂಂ ಹೂಂ ಅನ್ನಬೇಡಿ, ತಲೆ ಆಡಿಸಿ ಸಾಕು. ಮಾತು ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ ಸುಮ್ನೆ ಆ ಕೋಣೆಯ ಮೌನ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಎರಡು ಮಾತು ಕತ್ತರಿಸಿ ಸೇರಿಸುವಾಗ ನಡುವೆ ತುಂಬಲು ಅದೇ ಕೋಣೆಯ ಮೌನ ಬೇಕು. ಬೇರೆ ಕಡೆಯದು ಹಾಕಿದರೆ ಕಿವಿಗೆ ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿದ್ದು ಪ್ರಶ್ನೆ. "ಆ ಕಾಲದಲ್ಲಿ ಹೇಗಿತ್ತು ಅಜ್ಜಾ?" ಅಂತ ಕೇಳಿದರೆ "ಚೆನ್ನಾಗಿತ್ತಪ್ಪ, ಈಗೇನೈತಿ" ಅನ್ನುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಅದನ್ನು ಕೇಳಬೇಡಿ ಅಂದೆ. ರೇಡಿಯೊ ಎಲ್ಲಿ ಇಡುತ್ತಿದ್ದಿರಿ? ಯಾರು ಹಚ್ಚುತ್ತಿದ್ದರು? ಶೆಲ್ ಮುಗಿದರೆ ಏನು ಮಾಡುತ್ತಿದ್ದಿರಿ? ಇಷ್ಟೇ ಕೇಳಿ, ಆಮೇಲೆ ಸುಮ್ಮನಿರಿ.

ಆನಗೋಡಿನ ಕಡೆಯ ಒಬ್ಬ ಹುಡುಗಿ, ಬಿಎಸ್ಸಿ ಎರಡನೇ ವರ್ಷ, ಅವಳ ತಾಯಿಯ ತಂದೆಯನ್ನು ಮಾತಾಡಿಸಿಕೊಂಡು ಬಂದಳು. ನಲವತ್ತು ನಿಮಿಷದ ರೆಕಾರ್ಡಿಂಗ್. ಡಬ್ಬಿಂಗ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿದ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಅಜ್ಜಾ, ರೇಡಿಯೊ ಎಲ್ಲಿ ಇಡ್ತಿದ್ದೆ?"

ಸ್ವಲ್ಪ ಹೊತ್ತು ಏನೂ ಇಲ್ಲ. ಕುರ್ಚಿ ಕಿರುಗುಟ್ಟುವ ಸದ್ದು. ಆಮೇಲೆ ಅಜ್ಜ ಎದ್ದಿದ್ದಾರೆ, ಚಪ್ಪಲಿ ಇಲ್ಲದ ಹೆಜ್ಜೆ, ಗೋಡೆಗೆ ಕೈಯಲ್ಲಿ ಎರಡು ಸಲ ತಟ್ಟಿದ ಶಬ್ದ. "ಇಲ್ಲೇ, ಈ ಗೂಡ್ನಾಗೆ. ದೀಪ ಇಡೋ ಗೂಡು ಇದು. ರೇಡಿಯೊ ಬಂದ ಮ್ಯಾಲೆ ನಮ್ಮವ್ವ ದೀಪ ಆಚೆ ಇಟ್ಲು."

ಅಲ್ಲಿಂದ ಮುಂದೆ ಅವರನ್ನು ಯಾರೂ ಕೇಳಬೇಕಾಗಲಿಲ್ಲ. ಚರ್ಮದ ಕವರ್ ಹಾಕಿದ ಟ್ರಾನ್ಸಿಸ್ಟರ್. ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಮಾಡಿಸಬೇಕಿದ್ದ ಲೈಸೆನ್ಸ್ ಪುಸ್ತಕ. ಹುಡುಗಿ ನಡುವೆ ತಡೆಯಲಾರದೆ "ರೇಡಿಯೊ ಕೇಳೋಕೂ ಲೈಸೆನ್ಸಾ?" ಅಂದಿದ್ದಾಳೆ. ಅದನ್ನು ಕತ್ತರಿಸಲಿಲ್ಲ, ಹಾಗೇ ಬಿಟ್ಟೆ. ಮುಗಿದ ಶೆಲ್ ಬಿಸಿಲಿಗೆ ಇಟ್ಟು ಮತ್ತೆರಡು ದಿನ ಓಡಿಸಿದ್ದು. ಸಂಜೆ ರೈತರ ಕಾರ್ಯಕ್ರಮಕ್ಕೆ ಪಡಸಾಲೆ ತುಂಬುತ್ತಿದ್ದುದು. ಅಪ್ಪ ವಾರ್ತೆ ಕೇಳಿ ಮಲಗಿದ ಮೇಲೆ ಅಣ್ಣತಮ್ಮಂದಿರು ಕಂಬಳಿಯೊಳಗೆ ರೇಡಿಯೊ ಎಳೆದುಕೊಂಡು ಸಿಲೋನ್ ಹುಡುಕುತ್ತಿದ್ದುದು. "ಸಿಲೋನ್ ದನಿ ಅಲೆ ಬಂದಂಗೆ ಬರೋದು, ಹೋಗೋದು. ಹಾಡು ಅರ್ಧ ನಮ್ಗೆ, ಅರ್ಧ ಸಮುದ್ರಕ್ಕೆ" ಅಂದರು ಅಜ್ಜ. ನಾನು 1952ರಿಂದ 1957ರವರೆಗೆ ಅಂತ ಓದಿ ತಿಳಿದಿದ್ದೆನಲ್ಲ, ಅದರ ಬಿಸಿ ಹತ್ತು ವರ್ಷ ಆದ ಮೇಲೂ ಆನಗೋಡಿನ ಕಂಬಳಿಯೊಳಗೆ ಇತ್ತು.

1965ರ ಫೆಬ್ರವರಿಯಲ್ಲಿ ಭದ್ರಾವತಿ ಕೇಂದ್ರ ಶುರುವಾದಾಗ ಅಜ್ಜನಿಗೆ ಹದಿನೆಂಟು ವರ್ಷ. ಧಾರವಾಡ, ಬೆಂಗಳೂರು ಕೇಳುತ್ತಿದ್ದ ಮನೆಗೆ ಹತ್ತಿರದ್ದೇ ಒಂದು ಕೇಂದ್ರ ಬಂತು. ಅದರ ಅನೌನ್ಸ್‌ಮೆಂಟ್ ಅವರಿಗೆ ಬಾಯಿಪಾಠ. ಗಂಟಲು ಸರಿ ಮಾಡಿಕೊಂಡು, ದನಿ ಬದಲಿಸಿ, ಅಚ್ಚ ಗ್ರಂಥದ ಕನ್ನಡದಲ್ಲಿ ಹೇಳಿದರು: "ಆಕಾಶವಾಣಿ, ಭದ್ರಾವತಿ. 444.4 ಮೀಟರ್, ಅಂದರೆ 675 ಕಿಲೋಹರ್ಟ್ಸ್." ಇಷ್ಟು ವರ್ಷದ ಮೇಲೆ ಪಾಯಿಂಟ್ ನಾಲ್ಕು ಕೂಡ ಬಿಡಲಿಲ್ಲ. ಒಬ್ಬ ಅನೌನ್ಸರ್‌ಗೆ ಅದನ್ನು ಕೇಳಿದಾಗ ಏನಾಗುತ್ತದೆ ಅಂತ ಹೇಗೆ ಹೇಳಲಿ? ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಮೂರು ಗಂಟೆಗೂ ಜಾಸ್ತಿ ಇದ್ದ ರೆಕಾರ್ಡಿಂಗ್‌ನಿಂದ ಇಪ್ಪತ್ತೆಂಟು ನಿಮಿಷ ಆರಿಸಿದೆವು. ನಿರೂಪಣೆ ಆ ಹುಡುಗಿಯದೇ. ಸ್ಟುಡಿಯೊದಲ್ಲಿ ಅವಳ ಮೊದಲ ಮೂರು ಟೇಕ್ ನನ್ನ ದನಿಯ ನಕಲಿನ ಹಾಗಿದ್ದವು. ಎಳೆದು, ತೂಗಿ, ಮೇಡಂ ಥರ. ಸ್ಕ್ರಿಪ್ಟ್ ತೆಗೆದುಕೊಂಡು ಮಗುಚಿ ಇಟ್ಟೆ. "ಗಾಜಿನ ಆಚೆ ನಿನ್ನ ಗೆಳತಿ ಕೂತಿದ್ದಾಳೆ ಅಂದುಕೋ. ನಮ್ಮ ಅಜ್ಜ ಹಿಂಗಂದ್ರು ಕಣೇ ಅಂತ ಅವಳಿಗೆ ಹೇಳು" ಅಂದೆ. ನಾಲ್ಕನೇ ಟೇಕ್ ಸರಿಹೋಯಿತು. ಇತಿಹಾಸದ ಇಸವಿಗಳು ಈ ಸಲವೂ ಇದ್ದವು. ಆದರೆ ಲೈಸೆನ್ಸ್ ಪುಸ್ತಕದ ಮಾತು ಬಂದಾಗ, ಕಂಬಳಿಯೊಳಗಿನ ಸಿಲೋನ್ ಬಂದಾಗ, ಒಂದೊಂದೇ ವಾಕ್ಯದಲ್ಲಿ ಬಂದು ಹೋದವು. ಬೆಳಗಿನ ಆ ಹಳೆಯ ಟ್ಯೂನ್ ಕಟ್ಟಿದ ವಾಲ್ಟರ್ ಕೌಫ್‌ಮನ್ ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ ಅನ್ನುವುದನ್ನು ಅವಳೇ ಹಟ ಹಿಡಿದು ಸೇರಿಸಿಕೊಂಡಳು.

ಕೇಳಿದರಾ? ಕೇಳಿದರು. ಹನ್ನೊಂದು ಮನೆಯ ನೆಂಟರು, ಗೆಳೆಯರು, ಓಣಿಯವರು. ದಾವಣಗೆರೆಯಲ್ಲಿ 102.6 ಮಹಡಿ ಮೇಲೆ ಚೆನ್ನಾಗಿ ಬರುತ್ತದೆ, ನಮ್ಮ ಅಡುಗೆಮನೆಯಲ್ಲಿ ಕರಕರ ಅನ್ನುತ್ತದೆ. ಫೋನಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಏರಿಯಲ್, ಚುಚ್ಚದಿದ್ದರೆ ಬರುವುದೇ ಇಲ್ಲ ಅನ್ನುವುದು ಎಷ್ಟೋ ಮಕ್ಕಳಿಗೆ ಅವತ್ತೇ ಗೊತ್ತಾಗಿದ್ದು. ಉಳಿದವರು ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಂಡರು. ಪರೀಕ್ಷೆಗೆ ಬರುತ್ತಾ ಅಂತ ಕೇಳಿದ್ದ ಹುಡುಗ ಹಾಸ್ಟೆಲ್ ಮಹಡಿಯಿಂದ ಫೋನ್ ಮಾಡಿ, ಅವನ ಅಜ್ಜಿಯನ್ನು ಮಾತಾಡಿಸುವ ಸರದಿ ಯಾವಾಗ ಅಂತ ಕೇಳಿದ.

ಆನಗೋಡಿನ ಅಜ್ಜ ಮಾತ್ರ ಹಳೆಯ ಸೆಟ್ ತೆಗೆದು, ಒರೆಸಿ, ಹೊಸ ಶೆಲ್ ಹಾಕಿಸಿಕೊಂಡು ಕಾದಿದ್ದರಂತೆ. ಅದರಲ್ಲಿ ಎಫ್‌ಎಂ ಬ್ಯಾಂಡೇ ಇಲ್ಲ. ಕೊನೆಗೆ ಮೊಮ್ಮಗಳ ಫೋನು, ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಪೂರ್ತಿ ಕೇಳಿದರು. ಆಮೇಲೆ ಒಂದು ತಕರಾರು ತೆಗೆದರು. "ಅನೌನ್ಸ್ ಮಾಡಿದೋರು ಮೀಟರೇ ಹೇಳ್ಲಿಲ್ವಲ್ಲ?"

ಹುಡುಗಿ ಫಿಸಿಕ್ಸ್‌ನವಳು. ಅಲ್ಲೇ ಕೂತು ಲೆಕ್ಕ ಹಾಕಿದಳು. 102.6 ಮೆಗಾಹರ್ಟ್ಸ್ ಅಂದರೆ 2.92 ಮೀಟರ್. ನಿನ್ನ ಭದ್ರಾವತಿ ಅಲೆ 444 ಮೀಟರ್ ಉದ್ದ ಅಜ್ಜಾ, ಅದು ನೆಲ ತಬ್ಬಿಕೊಂಡು ಗುಡ್ಡ ಹತ್ತಿ ಇಳಿದು ಬರುತ್ತೆ. ಇದು ಗಿಡ್ಡ, ನೇರ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ಅಲ್ಲೇ ನಿಂತುಬಿಡುತ್ತೆ, ಅದಕ್ಕೇ ನಿನ್ನನ್ನ ಮಾಳಿಗೆ ಹತ್ತಿಸಿದ್ದು ಅಂತ ವಿವರಿಸಿದಳಂತೆ.

ಮುಂದಿನ ತಿಂಗಳು ಅವಳು ಮತ್ತೆ ರೆಕಾರ್ಡಿಂಗ್‌ಗೆ ಬಂದಳು. ಕೈಯಲ್ಲಿ ಸ್ಕ್ರಿಪ್ಟ್ ಇರಲಿಲ್ಲ, ನೋಟ್‌ಬುಕ್ಕಿನಿಂದ ಹರಿದ ಒಂದೇ ಹಾಳೆ ಇತ್ತು. ಮೇಲಿನ ಸಾಲು ನಾನು ಓದಿದೆ: "ಆಕಾಶವಾಣಿ ಚಿತ್ರದುರ್ಗ, 102.6 ಮೆಗಾಹರ್ಟ್ಸ್. ಅಜ್ಜಾ, ನಿಂಗೆ 2.92 ಮೀಟರ್." ಹೀಗೆ ಹೇಳಬಹುದಾ ಅಂತ ಡ್ಯೂಟಿ ರೂಮಿನಲ್ಲಿ ಕೇಳಿದೆ. ಕಾರ್ಯಕ್ರಮದ ಒಳಗಿನ ಮಾತು ತಾನೇ, ಇರಲಿ ಬಿಡಿ ಅಂದರು. ಮೈಕ್‌ನ ಫೇಡರ್ ಏರಿಸಿ ಅವಳಿಗೆ ಕೈ ಸನ್ನೆ ಮಾಡಿದೆ.