ಮನೆಯ ವೈಫೈ, ವಿದ್ಯಾರ್ಥಿನಿಲಯದ ವೈಫೈ: ನನ್ನ ಅನುಭವ

ಕಲಬುರಗಿಯ ಹಳೆಯ ಮನೆಗಳಲ್ಲಿ ವೈಫೈ ಅಳವಡಿಸಲು ಹೋದಾಗ ನಾನು ಮೊದಲು ನೋಡುವುದು ಗೋಡೆಯನ್ನು. ದಪ್ಪನೆಯ ಕಲ್ಲಿನ ಗೋಡೆ ಎರಡು ಅಡ್ಡ ಬಂದರೆ ವೈಫೈನ 5 ಗಿಗಾಹರ್ಟ್ಸ್ ಆವರ್ತನದ ಸಿಗ್ನಲ್ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ, 2.4 ಗಿಗಾಹರ್ಟ್ಸ್ ಸೊರಗಿಯಾದರೂ ದಾಟುತ್ತದೆ. ಆದ್ದರಿಂದ ರೌಟರನ್ನು ತಲಬಾಗಿಲ ಪಕ್ಕದಲ್ಲಿ ಕೂಡಿಸದೆ, ಕೋಣೆಗಳ ಬಾಗಿಲುಗಳು ತೆರೆದುಕೊಳ್ಳುವ ಪಡಸಾಲೆಯಲ್ಲಿ ಎತ್ತರಕ್ಕೆ ಇಡುತ್ತೇನೆ. ಹೆಚ್ಚಿನ ಮನೆಗಳಿಗೆ ಅಷ್ಟು ಸಾಕು.

ದೊಡ್ಡ ಕಟ್ಟಡದ ಲೆಕ್ಕವೇ ಬೇರೆ. ನಗರದ ಮೂರಂತಸ್ತಿನ ವಿದ್ಯಾರ್ಥಿನಿಲಯವೊಂದರಲ್ಲಿ ಕಾರಿಡಾರಿನ ಉದ್ದಕ್ಕೂ ವೈಫೈ ಸಿಗ್ನಲ್ ಹರಡುವ ಸಾಧನಗಳಾದ ಆಕ್ಸೆಸ್ ಪಾಯಿಂಟ್‌ಗಳನ್ನು ಸಾಲಾಗಿ ಹಾಕಿ, ಎಲ್ಲವನ್ನೂ ಪೂರ್ಣ ಪವರ್‌ನಲ್ಲಿ ಇಟ್ಟಿದ್ದರು. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿರುತ್ತಿದ್ದವು, ಆದರೆ ರಾತ್ರಿ ಊಟವಾದ ಮೇಲೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಒಂದೇ ಚಾನಲಿನಲ್ಲಿ, ಅಂದರೆ ಆವರ್ತನದ ಒಂದೇ ಪಟ್ಟಿಯಲ್ಲಿ, ಪರಸ್ಪರ ಕೇಳಿಸುವ ಸಾಧನಗಳ ಪೈಕಿ ಒಂದು ಕಳುಹಿಸುವಾಗ ಉಳಿದವು ಕಾಯಲೇಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6 ಮತ್ತು 11, ಮೂರೇ ಮೂರು. ಅಡ್ಡಗೋಡೆಯಿಲ್ಲದ ಕಾರಿಡಾರಿನಲ್ಲಿ ಈ ತುದಿಯ ಸಾಧನ ಆ ತುದಿಯದಕ್ಕೂ ಕೇಳಿಸುವುದರಿಂದ ಇಡೀ ಅಂತಸ್ತು ಒಂದೇ ಸರದಿಯಲ್ಲಿ ನಿಂತಂತಾಗಿತ್ತು.

ನಾನು ಆಕ್ಸೆಸ್ ಪಾಯಿಂಟ್‌ಗಳನ್ನು ಕೋಣೆಗಳ ಒಳಕ್ಕೆ ಸರಿಸಿ, ಮೇಲಿನ ಅಂತಸ್ತಿನದು ಕೆಳಗಿನದರ ನೇರಕ್ಕೆ ಬಾರದಂತೆ ಜೋಡಿಸಿದೆ. ಗೋಡೆಗಳು ಇಲ್ಲಿ ಉಪಕಾರಕ್ಕೇ ಬಂದವು. 5 ಗಿಗಾಹರ್ಟ್ಸ್‌ನಲ್ಲಿ, ಮನೆಯಲ್ಲಾದರೆ 80 ಮೆಗಾಹರ್ಟ್ಸ್ ಅಗಲದ ಚಾನಲ್ ಇಡುವ ನಾನು ಇಲ್ಲಿ 20ಕ್ಕೆ ಇಳಿಸಿದೆ. ಒಬ್ಬೊಬ್ಬರಿಗೆ ಸಿಗುವ ಗರಿಷ್ಠ ವೇಗ ಕಡಿಮೆಯಾದರೂ, ಒಂದಕ್ಕೊಂದು ತೊಡರದ ಚಾನಲ್‌ಗಳು ಹೆಚ್ಚು ಸಿಕ್ಕವು. ಜೊತೆಗೆ ಪವರ್ ತಗ್ಗಿಸಿದೆ.

“ಪವರ್ ಕಮ್ಮಿ ಮಾಡಿದ್ರ ನೆಟ್ ಹೆಂಗ್ ಬರ್ತದ್ರೀ?” ಎಂದು ವಾರ್ಡನ್ ಕೇಳಿದರು. ಅವರ ಸಂಶಯ ಸಹಜವಾದದ್ದು. ಆದರೆ ಮೊಬೈಲಿನ ಪ್ರಸಾರ ಶಕ್ತಿ ಕಡಿಮೆ. ಆಕ್ಸೆಸ್ ಪಾಯಿಂಟ್ ಎಷ್ಟೇ ಜೋರಾಗಿ ಕೂಗಿದರೂ ಮೊಬೈಲಿನ ಉತ್ತರ ಅದಕ್ಕೆ ಕೇಳಿಸದಿದ್ದರೆ ಸಂಪರ್ಕ ನಡೆಯದು. ಇದಲ್ಲದೆ, ಯಾವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬುದನ್ನು ಮುಖ್ಯವಾಗಿ ಮೊಬೈಲೇ ನಿರ್ಧರಿಸುತ್ತದೆ. ಮೊದಲು ಊರಿಗೆ ವಿಡಿಯೊ ಕರೆ ಮಾಡುತ್ತ ನಡೆಯುವ ಹುಡುಗನ ಮೊಬೈಲು ಕಾರಿಡಾರಿನ ಕೊನೆಯವರೆಗೂ ಮೊದಲಿನದನ್ನೇ ಹಿಡಿದುಕೊಂಡು ಚಿತ್ರ ನಿಲ್ಲುತ್ತಿತ್ತು. ಪವರ್ ತಗ್ಗಿಸಿದ ಮೇಲೆ ಅರ್ಧ ದಾರಿಯಲ್ಲೇ ಹತ್ತಿರದ್ದಕ್ಕೆ ಬದಲಾಗತೊಡಗಿತು.

ಕೇಬಲಿನಲ್ಲೇ ವಿದ್ಯುತ್ತನ್ನೂ ಕೊಡುವ ಪಿಒಇ ಸ್ವಿಚ್ಚನ್ನು ಪ್ರತಿ ಅಂತಸ್ತಿನಲ್ಲಿ ಇಟ್ಟು, ಕೇಬಲಿನ ಉದ್ದಕ್ಕಿರುವ 100 ಮೀಟರಿನ ಮಿತಿಯೊಳಗೆ ಎಲ್ಲವನ್ನೂ ತಂತಿಯಿಂದಲೇ ಜೋಡಿಸಿದೆ. ಅಳತೆಯನ್ನು ಮಾತ್ರ ಹಗಲಿನಲ್ಲಿ ಖಾಲಿ ಕಟ್ಟಡದಲ್ಲಿ ಮಾಡುವುದಿಲ್ಲ. ರಾತ್ರಿ ಎಲ್ಲರೂ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ, ಹಾಸಿಗೆಯ ಮೂಲೆಯಲ್ಲಿ ಸಿಗ್ನಲಿನ ಬಲ ಮೈನಸ್ 67 ಡಿಬಿಎಂಗಿಂತ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕೆಳಗಿಳಿಯದಿದ್ದರೆ ಆ ಕೋಣೆಯ ಕೆಲಸ ಮುಗಿಯಿತೆಂದು ಬರೆದುಕೊಳ್ಳುತ್ತೇನೆ.