ಕೇಳಿ ಪಡೆದ ಮತ: ಮಹಿಳೆಯರ ಮತದಾನ ಹಕ್ಕಿನ ಹೋರಾಟವನ್ನು ತರಗತಿಯಲ್ಲಿ ಹೇಳುವ ಬಗೆ

ಪ್ರತಿ ವರ್ಷ ಜನವರಿ 25ರಂದು, ರಾಷ್ಟ್ರೀಯ ಮತದಾರರ ದಿನದ ಅಂಗವಾಗಿ, ಶಾಲೆಗಳಲ್ಲಿ ಪ್ರತಿಜ್ಞೆ ಬೋಧಿಸುತ್ತೇವೆ, ಪ್ರಬಂಧ ಸ್ಪರ್ಧೆ ಏರ್ಪಡಿಸುತ್ತೇವೆ. ಆ ವಾರದ ಎರಡು ಅವಧಿಗಳನ್ನು ಮಹಿಳೆಯರ ಮತದಾನ ಹಕ್ಕಿನ ಇತಿಹಾಸಕ್ಕೆ ಮೀಸಲಿಡಬೇಕೆಂದಿರುವ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಈ ಬರಹ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮಾತನಾಡುವವರಿಗೂ ಇದೇ ಕ್ರಮ ಒದಗುತ್ತದೆ.

ಆರಂಭಿಸುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಗುರುತಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಮಹಿಳೆಯರು ಜೈಲು ಸೇರಿ, ಉಪವಾಸ ಮಾಡಿ ಮತ ಪಡೆದರು. ನಮ್ಮಲ್ಲಾದರೋ 1950ರಲ್ಲಿ ಸಂವಿಧಾನ ಅದನ್ನು ಕೇಳದೆಯೇ ಕೊಟ್ಟಿತು ಎಂಬ ಮಾತು ಓದಿದವರ ಬಾಯಲ್ಲೂ ಕೇಳಿಬರುತ್ತದೆ. ಇದು ನಿಜವಲ್ಲ. ಸಂವಿಧಾನ ಜಾರಿಗೆ ಬರುವ ಮೂವತ್ತೆರಡು ವರ್ಷ ಮೊದಲೇ ನಮ್ಮ ಮಹಿಳೆಯರು ಮತ ಕೇಳಿದ್ದರು; ನಿರಾಕರಣೆಯಾದಾಗ ಮತ್ತೆ ಕೇಳಿದರು; ಅರ್ಧ ಸಿಕ್ಕಾಗ ಉಳಿದರ್ಧಕ್ಕಾಗಿ ವಾದಿಸಿದರು. ಪಾಠ ಮುಗಿಯುವಾಗ ಮಕ್ಕಳ ಮನಸ್ಸಿನಲ್ಲಿ ಈ ಒಂದು ವಿಷಯ ಗಟ್ಟಿಯಾಗಿ ನಿಂತರೆ ಸಾಕು, ಇಸವಿಗಳು ಮರೆತುಹೋದರೂ ಚಿಂತೆಯಿಲ್ಲ. ನಾನು ಮೊದಲ ಸಲ ಈ ಪಾಠ ಮಾಡಿದಾಗ ಕರಿಹಲಗೆಯ ತುಂಬ ಇಸವಿಗಳನ್ನು ಬರೆದಿದ್ದೆ. ಮಕ್ಕಳು ಅವನ್ನು ನೀಟಾಗಿ ನಕಲು ಮಾಡಿಕೊಂಡರು, ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಕ್ರಮವನ್ನು ಬದಲಿಸಿಕೊಂಡದ್ದು ಆಮೇಲೆ.

ಮೊದಲ ಅವಧಿಯನ್ನು ಚೀಟಿಗಳಿಂದ ಆರಂಭಿಸಿ

ಏಳು ಚೀಟಿಗಳಲ್ಲಿ ಏಳು ಮಹಿಳೆಯರ ಪರಿಚಯವನ್ನು ಒಂದೊಂದು ಸಾಲಿನಲ್ಲಿ ಬರೆದು, ಏಳು ಮಕ್ಕಳ ಕೈಗೆ ಕೊಡಿ. ತನ್ನ ಹೆಸರಿನಲ್ಲೇ ಜಮೀನಿದ್ದು ಸಾಕಷ್ಟು ಕಂದಾಯ ಕಟ್ಟುವವಳು. ದೊಡ್ಡ ಜಮೀನ್ದಾರನ ಹೆಂಡತಿ, ಅಕ್ಷರ ಬಾರದವಳು. ಅಂಥದೇ ಜಮೀನ್ದಾರನ ವಿಧವೆ. ಓದುಬರಹ ಬಲ್ಲ, ಮದುವೆಯಾಗದ, ಇಪ್ಪತ್ತೈದು ವಯಸ್ಸಿನ ಶಿಕ್ಷಕಿ. ಯುದ್ಧದಲ್ಲಿ ತೀರಿಕೊಂಡ ಸಿಪಾಯಿಯ ತಾಯಿ, ಪಿಂಚಣಿ ಪಡೆಯುವವಳು. ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಹೆಂಗಸು. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿ.

ಈಗ ನೀವು ಕಾಲವನ್ನು ಘೋಷಿಸಬೇಕು, ಮತ ಇದ್ದವರು ಎದ್ದು ನಿಲ್ಲಬೇಕು. "1920, ಮದರಾಸು ಪ್ರಾಂತ್ಯ" ಎಂದಾಗ ಯಾರೂ ಏಳುವಂತಿಲ್ಲ. "1921" ಎಂದಾಗ ಸ್ವಂತ ಜಮೀನಿನವಳು ಮಾತ್ರ ಏಳುತ್ತಾಳೆ. ಆಗ ಹೆಣ್ಣೆಂಬ ಅಡ್ಡಿ ತೆಗೆದುಹಾಕಿದ್ದರೇ ಹೊರತು ಆಸ್ತಿ ಮತ್ತು ತೆರಿಗೆಯ ಷರತ್ತು ಹಾಗೆಯೇ ಇತ್ತು. "1937" ಎಂದಾಗ, ಅಂದರೆ 1935ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ನಡೆದ ಚುನಾವಣೆಗೆ, ಜಮೀನ್ದಾರನ ಹೆಂಡತಿ, ವಿಧವೆ, ಶಿಕ್ಷಕಿ, ಸಿಪಾಯಿಯ ತಾಯಿ ಇವರೂ ಏಳುತ್ತಾರೆ. "1952" ಎಂದಾಗ ಕೂಲಿ ಹೆಂಗಸು ಏಳುತ್ತಾಳೆ. ವಿದ್ಯಾರ್ಥಿನಿ ಇನ್ನೂ ಕುಳಿತೇ ಇರಬೇಕು, ಏಕೆಂದರೆ ಮತದಾನದ ವಯಸ್ಸು ಆಗ 21. ಅವಳು ಏಳುವುದು ಆ ವಯಸ್ಸನ್ನು 18ಕ್ಕೆ ಇಳಿಸಿದ ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದ 1989ರಲ್ಲಿ.

1937ರ ಸುತ್ತಿನಲ್ಲಿ ಸ್ವಲ್ಪ ನಿಲ್ಲಿ. ಜಮೀನ್ದಾರನ ಹೆಂಡತಿಗೆ ಮತ ಬಂದದ್ದು ಯಾರಿಂದ ಎಂದು ಕೇಳಿ. ಗಂಡನಿಂದ ಎಂಬ ಉತ್ತರ ಮಕ್ಕಳಿಂದಲೇ ಬರುತ್ತದೆ. ನಾಟಿ ಮಾಡುವವಳ ಚೀಟಿ ಹಿಡಿದ ಹುಡುಗಿ ಅಷ್ಟು ಹೊತ್ತೂ ಕುಳಿತೇ ಇರುವುದನ್ನು ಇಡೀ ತರಗತಿ ನೋಡುತ್ತಿರುತ್ತದೆ. ಆ ನೋಟ ಮಾಡುವ ಕೆಲಸವನ್ನು ನನ್ನ ಯಾವ ಭಾಷಣವೂ ಮಾಡಿಲ್ಲ. 1935ರ ಕಾಯಿದೆಯಿಂದ ಮತ ಪಡೆದ ಮಹಿಳೆಯರು ಸುಮಾರು 60 ಲಕ್ಷ, ಪುರುಷರು ಸುಮಾರು 2 ಕೋಟಿ 90 ಲಕ್ಷ ಎಂಬ ಅಂಕಿಗಳನ್ನು ಹೇಳಬೇಕಾದ ಕ್ಷಣವೂ ಇದೇ. ಷರತ್ತುಗಳ ವಿವರ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗಿತ್ತೆಂಬುದನ್ನು ಮಾತ್ರ ತಿಳಿಸಲು ಮರೆಯಬೇಡಿ.

ಆಮೇಲೆ ಹೆಸರುಗಳು

ಚೀಟಿಯಾಟ ಮುಗಿದ ಮೇಲೆ, ಪ್ರತಿ ಸಲ ಇನ್ನಷ್ಟು ಜನ ಎದ್ದು ನಿಂತದ್ದು ಯಾರ ಪ್ರಯತ್ನದಿಂದ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಲ್ಲಿ ಕಥೆಯನ್ನು 1917ರ ಡಿಸೆಂಬರಿನಿಂದ ಹೇಳಿ. ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವುದಾಗಿ ಸಾರಿದ್ದ, ಭಾರತದ ಹೊಣೆ ಹೊತ್ತ ಬ್ರಿಟಿಷ್ ಸಚಿವ (ಭಾರತ ಕಾರ್ಯದರ್ಶಿ) ಮಾಂಟೆಗು ಜನಾಭಿಪ್ರಾಯ ಕೇಳಲು ಬಂದಿದ್ದಾಗ, ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವೊಂದು ಮದರಾಸಿನಲ್ಲಿ ಅವರನ್ನು ಮತ್ತು ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಅವರನ್ನು ಕಂಡು, ಮತಾಧಿಕಾರದ ನಿಯಮ ಬರೆಯುವಾಗ 'ಜನ' ಎಂಬ ಪದದಲ್ಲಿ ಮಹಿಳೆಯರೂ ಸೇರಬೇಕು ಎಂದು ಮನವಿ ಸಲ್ಲಿಸಿತು. ನಿಯೋಗದ ಹಿಂದೆ ಇದ್ದವರು ಅದೇ ವರ್ಷ ಅಡ್ಯಾರಿನಲ್ಲಿ ಮಹಿಳಾ ಭಾರತೀಯ ಸಂಘವನ್ನು ಕಟ್ಟಿದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್, ಅವರ ಜೊತೆಗಾರ್ತಿ ಡೊರೊಥಿ ಜಿನರಾಜದಾಸ ಮತ್ತು ಸಂಘದ ಅಧ್ಯಕ್ಷೆ ಆನಿ ಬೆಸೆಂಟ್. ಆ ದಿನ ಬ್ರಿಟನ್ನಿನ ಮಹಿಳೆಯರಿಗೂ ಸಂಸತ್ತಿನ ಚುನಾವಣೆಯಲ್ಲಿ ಮತವಿರಲಿಲ್ಲ. 1918ರಲ್ಲಿ ಅಲ್ಲಿ ಮತ ಸಿಕ್ಕಿದ್ದು ಮೂವತ್ತು ದಾಟಿದ, ಆಸ್ತಿಯ ಅರ್ಹತೆ ಉಳ್ಳ ಮಹಿಳೆಯರಿಗೆ, ಪುರುಷರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ನಮ್ಮವರು ಪಶ್ಚಿಮವನ್ನು ನೋಡಿ ಕಲಿತರು ಎಂದು ಸಲೀಸಾಗಿ ಹೇಳಿಬಿಡುವ ಮೊದಲು ಈ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿ.

ಮನವಿಗೆ ಸಿಕ್ಕ ಉತ್ತರ ನಿರಾಕರಣೆ. ಯಾರಿಗೆ ಮತ ಕೊಡಬೇಕೆಂದು ಪರಿಶೀಲಿಸಿದ ಸೌತ್‌ಬರೊ ಸಮಿತಿ ಇಲ್ಲಿನ ಸಾಮಾಜಿಕ ಸ್ಥಿತಿಯನ್ನು ಮುಂದೊಡ್ಡಿ ಮಹಿಳೆಯರಿಗೆ ಮತ ಬೇಡವೆಂದಿತು. ಆಗ 1919ರಲ್ಲಿ ಮುಂಬಯಿಯ ಹೀರಾಬಾಯಿ ಟಾಟಾ ತಮ್ಮ ಮಗಳು ಮಿಥನ್ ಜೊತೆ ಹಡಗು ಹತ್ತಿ ಲಂಡನ್ನಿಗೆ ಹೋಗಿ ಸಂಸದೀಯ ಸಮಿತಿಯ ಮುಂದೆ ವಾದಿಸಿದರು. ಸರೋಜಿನಿ ಮತ್ತು ಬೆಸೆಂಟ್ ಕೂಡ ಸಾಕ್ಷ್ಯ ನುಡಿದರು. ಸಂಸತ್ತು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟಿತು. ಮದರಾಸು ಮತ್ತು ಮುಂಬಯಿ 1921ರಲ್ಲಿ ಒಪ್ಪಿದವು. ಬಂಗಾಳದಲ್ಲಿ ಅದೇ ವರ್ಷ ಗೊತ್ತುವಳಿ ಬಿದ್ದುಹೋಯಿತು; ಕವಯಿತ್ರಿ ಕಾಮಿನಿ ರಾಯ್ ಮೊದಲಾದವರು ಪಟ್ಟು ಬಿಡದೆ ದುಡಿದ ಮೇಲೆ 1925ರಲ್ಲಿ ಅಂಗೀಕಾರವಾಯಿತು.

ನಿಮ್ಮ ಶಾಲೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಇಲ್ಲಿ ಭೂಪಟವನ್ನು ಬಳಸಿ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಯವರು ಮದರಾಸಿನ ಕಥೆಯನ್ನೂ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರು ಮುಂಬಯಿಯ ಕಥೆಯನ್ನೂ ತಮ್ಮ ಅಜ್ಜಿ-ಮುತ್ತಜ್ಜಿಯರ ಕಥೆಯೆಂದೇ ಹೇಳಬಹುದು. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯ 1923ರ ಕಾಯಿದೆಯೊಂದಿಗೆ ಹೆಣ್ಣೆಂಬ ಅಡ್ಡಿ ಹೋಯಿತು. ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಶಿಕ್ಷಕರು ಮೊದಲ ಸಾರ್ವತ್ರಿಕ ಚುನಾವಣೆಯ ಭಾಗಕ್ಕೆ ಹೆಚ್ಚು ಸಮಯ ಕೊಡುವುದು ಒಳ್ಳೆಯದು.

ಮಂಗಳೂರಿನ ಇಬ್ಬರು

ನಾಯಕಿಯರ ಪಟ್ಟಿಯನ್ನು ಬೆಳೆಸುತ್ತ ಹೋದರೆ ಮಕ್ಕಳಿಗೆ ಅದು ಕಂಠಪಾಠವಾಗುತ್ತದೆ. ಇಬ್ಬರನ್ನು ಆರಿಸಿಕೊಂಡು ನಿಧಾನವಾಗಿ ಹೇಳಿ. ಕನ್ನಡ ನಾಡಿನ ಮಕ್ಕಳಿಗೆ ನಾನು ಆರಿಸುವುದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ರಾಧಾಬಾಯಿ ಸುಬ್ಬರಾಯನ್ ಅವರನ್ನು.

ಮತ ಹಾಕುವ ಹಕ್ಕು ಬಂದಾಗ ಸ್ಪರ್ಧಿಸುವ ಹಕ್ಕು ಬಂದಿರಲಿಲ್ಲ. ಅದು ಐದು ವರ್ಷ ತಡವಾಯಿತು. 1926ರಲ್ಲಿ ಆ ಬಾಗಿಲು ತೆರೆದ ಕೂಡಲೇ ಇಪ್ಪತ್ತಮೂರರ ಕಮಲಾದೇವಿ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ, ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಪ್ರಚಾರಕ್ಕೆ ಸಿಕ್ಕ ದಿನಗಳು ಕೆಲವೇ. ಅಲ್ಪ ಅಂತರದಲ್ಲಿ ಸೋತರು. ಸೋತವರ ಕಥೆಯನ್ನು ಏಕೆ ಹೇಳಬೇಕೆಂದು ಮಕ್ಕಳು ಕೇಳಿದರೆ, ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅದೇ ಸಭೆಗೆ ನಾಮನಿರ್ದೇಶನಗೊಂಡು ಉಪಾಧ್ಯಕ್ಷೆಯೂ ಆದ ಸಂಗತಿಯನ್ನು ಮುಂದಿಡಿ.

ರಾಧಾಬಾಯಿ ಅವರು ದಲಿತರ ಶಿಕ್ಷಣಕ್ಕೆ ಜೀವ ತೇದ ಕುದ್ಮುಲ್ ರಂಗರಾಯರ ಮಗಳು. 1930ರಲ್ಲಿ ಬೇಗಂ ಜಹಾನಾರಾ ಷಾ ನವಾಜ್ ಅವರೊಂದಿಗೆ ಭಾರತದ ಮುಂದಿನ ಆಡಳಿತ ವ್ಯವಸ್ಥೆ ಕುರಿತು ಲಂಡನ್ನಿನಲ್ಲಿ ನಡೆದ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತವರು, ಆಮೇಲೆ ಲೋಥಿಯನ್ ಮತಾಧಿಕಾರ ಸಮಿತಿಯ ಸದಸ್ಯೆಯಾಗಿದ್ದವರು. ಸ್ಥಾನ ಮೀಸಲಿಡದಿದ್ದರೆ ಶಾಸನಸಭೆಗಳಲ್ಲಿ ಮಹಿಳೆಯರೇ ಇರುವುದಿಲ್ಲ, ಆದ್ದರಿಂದ ಕೆಲ ಕಾಲವಾದರೂ ಮೀಸಲು ಬೇಕು ಎಂಬುದು ಅವರ ನಿಲುವು. ಅಖಿಲ ಭಾರತ ಮಹಿಳಾ ಪರಿಷತ್ತು ಮತ್ತು ಇತರ ಪ್ರಮುಖ ಮಹಿಳಾ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಆಸ್ತಿಯ ಷರತ್ತೂ ಬೇಡ, ಗಂಡನ ಹೆಸರಿನ ಮತವೂ ಬೇಡ, ಮೀಸಲೂ ಬೇಡ, ಎಲ್ಲ ವಯಸ್ಕರಿಗೂ ಸಮಾನ ಮತ ಕೊಡಿ ಎಂದು ಅವು ಪಟ್ಟು ಹಿಡಿದವು. 1933ರಲ್ಲಿ ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ ಮತ್ತು ಷರೀಫಾ ಹಮೀದ್ ಅಲಿ ಲಂಡನ್ನಿನಲ್ಲಿ ಸಂಘಟನೆಗಳ ಪರವಾಗಿ ನಿಂತರು. ಸರ್ಕಾರ ಮೀಸಲು ಸ್ಥಾನಗಳನ್ನು ಕೊಟ್ಟಿತು, ವಯಸ್ಕ ಮತದಾನವನ್ನು ಕೊಡಲಿಲ್ಲ.

ಇಲ್ಲಿ ತರಗತಿಯನ್ನು ಎರಡು ಪಂಗಡ ಮಾಡಿ ಚರ್ಚೆಗೆ ಬಿಡಿ. ಯಾವ ಪಂಗಡ ಸರಿಯೆಂದು ನೀವು ತೀರ್ಪು ಕೊಡಬೇಡಿ. ಇಬ್ಬರೂ ಮಹಿಳೆಯರ ಹಿತಕ್ಕಾಗಿಯೇ ವಾದಿಸುತ್ತಿದ್ದರು, ಇಬ್ಬರಿಗೂ ಬಲವಾದ ಕಾರಣಗಳಿದ್ದವು. ಹೋರಾಟವೆಂದರೆ ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುವುದು ಎಂದುಕೊಂಡಿರುವ ಮಕ್ಕಳಿಗೆ ಈ ಭಿನ್ನಾಭಿಪ್ರಾಯ ತಿಳಿಯುವುದು ಅಗತ್ಯ. ಸಂವಿಧಾನ ರಚನಾ ಸಭೆಯ ಹದಿನೈದು ಮಹಿಳಾ ಸದಸ್ಯರಲ್ಲಿ ಒಬ್ಬರಾದ ಹಂಸಾ ಮೆಹ್ತಾ ಕೂಡ 1946ರಲ್ಲಿ, ತಮ್ಮ ಸಂಘಟನೆ ಮೀಸಲನ್ನು ಎಂದೂ ಕೇಳಿಲ್ಲ, ಕೇಳುವುದು ನ್ಯಾಯವನ್ನು ಎಂಬರ್ಥದ ಮಾತನ್ನಾಡಿದರೆಂದು ಸೇರಿಸಬಹುದು.

ಚಿತ್ರ ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು. 1911ರಲ್ಲಿ ಲಂಡನ್ನಿನ ಬೀದಿಯಲ್ಲಿ ಸೀರೆಯುಟ್ಟು ಮೆರವಣಿಗೆಯಲ್ಲಿ ನಿಂತ ಭಾರತೀಯ ಮಹಿಳೆಯರ ಫೋಟೋವನ್ನು ಭಾರತದ ಮತದ ಹೋರಾಟವೆಂದು ಹಂಚುತ್ತಾರೆ. ಆ ಮೆರವಣಿಗೆ ನಡೆದದ್ದು ಬ್ರಿಟನ್ನಿನ ಮಹಿಳೆಯರ ಮತಕ್ಕಾಗಿ. ಹಾಗೆಂದೇ ವಿವರಿಸಿ ತೋರಿಸಿ.

ಎರಡನೆಯ ಅವಧಿಗೆ ಮತದಾರರ ಪಟ್ಟಿ ತನ್ನಿ

ನಿಮ್ಮ ಶಾಲೆಯ ಮತಗಟ್ಟೆಗೆ ಸೇರಿದ ಭಾಗದ ಪಟ್ಟಿ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿಯೂ ಇರುತ್ತದೆ. ಅದರ ಒಂದು ಮನೆಯನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ಓದಿಸಿದ ಮೇಲೆ ಮೊದಲ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಮತ್ತೆ ಓದಿಸಿ. "ಗಂಡನ ಹೆಸರು..." ಎಂದಷ್ಟೇ ಉಳಿಯುತ್ತದೆ.

ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ತಯಾರಿಸುವಾಗ ನಡೆದದ್ದು ಇದೇ. ಮನೆಬಾಗಿಲಿಗೆ ಬಂದ ಗುಮಾಸ್ತರಿಗೆ ಲಕ್ಷಾಂತರ ಮಹಿಳೆಯರು ತಮ್ಮ ಹೆಸರು ಹೇಳಲಿಲ್ಲ; ಇಂಥವರ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದರು. ಅಪರಿಚಿತರ ಮುಂದೆ ಹೆಸರು ಹೇಳಬಾರದೆಂಬ ರೂಢಿ ಅಷ್ಟು ಬಿಗಿಯಾಗಿತ್ತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪದೆ, ಸ್ವಂತ ಹೆಸರು ಬರೆಸಬೇಕೆಂದು ಸೂಚಿಸಿದರು. ಆದರೂ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಉತ್ತರದ ರಾಜ್ಯಗಳಲ್ಲಿ ಇದು ಹೆಚ್ಚಾಗಿ ನಡೆಯಿತು. ಕಟುವೆನಿಸಿದರೂ ಆ ನಿರ್ಧಾರ ಸರಿಯಾಗಿತ್ತೆಂದು ನಾನು ನಂಬಿದ್ದೇನೆ. ಗಂಡನ ಆಸ್ತಿಯ ಮೂಲಕ ಬಂದ 1935ರ ಮತ ಗಂಡನ ಹೆಸರಿನ ಮೂಲಕ ಮುಂದುವರಿಯುವುದನ್ನು ಅದು ತಡೆಯಿತು. ಮಕ್ಕಳು ಇದನ್ನು ಒಪ್ಪದಿರಬಹುದು. ಅವರ ಕಾರಣಗಳನ್ನು ಕೇಳಿ.

ಇದಾದ ಮೇಲೆ ಕೊಡಬೇಕಾದ ಮನೆಗೆಲಸ ಸರಳ. ಪ್ರತಿಯೊಬ್ಬರೂ ತಮ್ಮ ಮನೆಯ ಮಹಿಳೆಯರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಅಕ್ಷರ, ವಯಸ್ಸು, ವಿಳಾಸ ಸರಿಯಿವೆಯೇ ನೋಡಿಕೊಂಡು ಬರಬೇಕು. ಮದುವೆಯಾಗಿ ಬಂದ ಅತ್ತಿಗೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8, ಹೊಸದಾಗಿ ಸೇರಲು ನಮೂನೆ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಾಂಕಗಳಾಗಿರುವುದರಿಂದ ಹದಿನೇಳು ತುಂಬಿದ ಅಕ್ಕಂದಿರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಸಂದೇಹವಿದ್ದರೆ ಮತದಾರರ ಸಹಾಯವಾಣಿ 1950 ಸಂಖ್ಯೆಗೆ ಕರೆ ಮಾಡಲು ತಿಳಿಸಿ.

ಮರುದಿನ ತರಗತಿಯಲ್ಲಿ ಮೊದಲ ಐದು ನಿಮಿಷ ಬಿಟ್ಟುಕೊಡಿ. ಒಬ್ಬೊಬ್ಬರೂ ಎದ್ದು ನಿಂತು, ಪಟ್ಟಿಯಲ್ಲಿ ಸಿಕ್ಕ ತಮ್ಮ ಅಜ್ಜಿಯ ಪೂರ್ಣ ಹೆಸರನ್ನು ಓದಲಿ. ಮನೆಯಲ್ಲಿ ಎಲ್ಲರೂ "ಅಜ್ಜಿ" ಎಂದೇ ಕರೆಯುವುದರಿಂದ, ಕೆಲವು ಮಕ್ಕಳು ಆ ಹೆಸರನ್ನು ಅಕ್ಷರದಲ್ಲಿ ಕಂಡಿರುವುದು ಅದೇ ಮೊದಲ ಸಲವಾಗಿರುತ್ತದೆ.