ಬೋರ್ಡ್ ಬದಲಿಸದೆ 8 ಜಿಬಿ ಬಾರ್: ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ವಾಶ್ ಡಿಸೈನನ್ನು 3ಡಿಯಲ್ಲಿ ತೋರಿಸುವ ಲಿನಕ್ಸ್ ಮಷಿನ್ ಇದು: ಎಎಂಡಿಯ ಎ10-7850ಕೆ ಸಿಪಿಯು, ಎ88ಎಕ್ಸ್ ಬೋರ್ಡ್, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಸಿಪಿಯು ಚಿಪ್ಪಿನ ಹೆಸರು ಕಾವೇರಿ, ದುಡಿಯುವುದು ತುಂಗಭದ್ರೆ ಸೀಮೆಯಲ್ಲಿ! ಕಾರ್ಡಿನ ಮೆಮೊರಿಯನ್ನು ಸಿಪಿಯು ನೇರವಾಗಿ ಮುಟ್ಟುವ ವಿಳಾಸದ ಜಾಗವೇ ಬಾರ್; ಅದನ್ನು 256 ಎಂಬಿಯಿಂದ ಪೂರ್ತಿ 8 ಜಿಬಿಗೆ ಹಿಗ್ಗಿಸಬೇಕಿತ್ತು. ಬಯಾಸ್‌ನಲ್ಲಿ ಅದಕ್ಕೆ ಬೇಕಾದ ಅಬವ್ 4ಜಿ (4 ಜಿಬಿ ಮೇಲಿನ ವಿಳಾಸ ಕೊಡುವ) ಆಯ್ಕೆಯೇ ಇಲ್ಲ, ಬೋರ್ಡ್, ಸಿಪಿಯು, ರ್‍ಯಾಮ್ ಮೂರೂ ಬದಲಿಸಬೇಕು ಅಂತಲೇ ಎಲ್ಲರ ಮಾತು. ಇಪ್ಪತ್ತೈದು ಸಾವಿರದ ಬಾಬತ್ತು. ಕಾರ್ಡಿಗೆ ಏಳು ಸಾವಿರದ ಆಸುಪಾಸು ಕೊಟ್ಟಿದ್ದು ಬಿಟ್ಟರೆ ನನಗೆ ನಯಾಪೈಸೆ ಖರ್ಚಿಲ್ಲ.

ಎಎಂಡಿಜಿಪಿಯು ಡ್ರೈವರ್ ತಾನಾಗಿಯೇ ಬಾರ್ 0 (ಕಾರ್ಡಿನ ಮೆಮೊರಿಗೆ ಇರುವ ಬಾರ್) ಹಿಗ್ಗಿಸಲು ನೋಡುತ್ತದೆ. ಆದರೆ ರೂಟ್ ಬಸ್‌ಗೆ (ಕಾರ್ಡ್‌ಗಳು ಸಿಪಿಯುಗೆ ಸೇರುವ ಮೂಲ ಪಿಸಿಐ ದಾರಿ) 4 ಜಿಬಿ ಮೇಲೆ ಶುರುವಾಗುವ ವಿಂಡೋ, ಅಂದರೆ ವಿಳಾಸಗಳ ವ್ಯಾಪ್ತಿ, ಕಾಣದಿದ್ದರೆ ಸದ್ದಿಲ್ಲದೆ ಕೈಬಿಡುತ್ತದೆ. ಬೂಟ್ ಲೈನ್‌ನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆ) ಪಿಸಿಐ ನೋಸಿಆರ್‌ಎಸ್, ಅಂದರೆ ಬಯಾಸ್ ಕೊಟ್ಟ ವಿಂಡೋ ಪಟ್ಟಿ ಬಿಡುವ ಆಯ್ಕೆ, ಹಾಕಿದರೂ ಪ್ರಯೋಜನವಿಲ್ಲ: ಆಗ ವಿಂಡೋ ಸೊನ್ನೆಯಿಂದ ಶುರು, ಡ್ರೈವರಿನ ತಪಾಸಣೆ ಒಪ್ಪುವುದಿಲ್ಲ. ವಿಳಾಸಗಳನ್ನು ಮರುಹಂಚುವ ಪಿಸಿಐ ರಿಯಲಾಕ್ ಒಂದೇ ಹಾಕಿದರೂ ಅಷ್ಟೇ, ಇಲ್ಲದ ಜಾಗವನ್ನು ಅದು ಎಲ್ಲಿಂದ ತರಬೇಕು?

ಕೆಲಸ ಆಗಿದ್ದು ಬೂಟ್ ಲೈನ್‌ನ ಬಿಗ್ ರೂಟ್ ವಿಂಡೋ ಆಯ್ಕೆಯಿಂದ. ಈ ಪೀಳಿಗೆಯ ಎಎಂಡಿ ಸಿಪಿಯುಗಳಲ್ಲಿ ಕರ್ನಲ್ಲೇ ರೂಟ್ ಕಾಂಪ್ಲೆಕ್ಸ್‌ಗೆ (ಸಿಪಿಯು ಬದಿಯ ಪಿಸಿಐ ತುದಿ) ದೊಡ್ಡ 64 ಬಿಟ್ ವಿಂಡೋ ಸೇರಿಸುತ್ತದೆ. ಬಯಾಸ್ ಹೇಳದ ಸಾಧನವೊಂದು ಅದೇ ವಿಳಾಸದಲ್ಲಿದ್ದರೆ ಡಿಕ್ಕಿ ಆದೀತು, ಅದಕ್ಕೇ ಕರ್ನಲ್ ಟೇಂಟ್ (ಅಪಾಯದ ಆಯ್ಕೆ ಬಳಸಿದೆ ಎಂಬ ಗುರುತು) ಆಗುತ್ತದೆ. ಆಗಲಿ ಬಿಡಿ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ರ್‍ಯಾಮ್ 8192ಎಂ (ಇಲ್ಲಿ ಕಾರ್ಡಿನ ಮೆಮೊರಿ), ಬಾರ್ 256ಎಂ ಎಂದಿದ್ದ ಸಾಲು ಎರಡೂ 8192ಎಂ ಆಗಬೇಕು. ಗ್ರಾಫಿಕ್ಸ್ ಇಂಟರ್‌ಫೇಸ್ ವಲ್ಕನ್‌ನಲ್ಲಿ ಹೋಸ್ಟ್ ವಿಸಿಬಲ್ (ಸಿಪಿಯುಗೆ ಕಾಣುವ) ಡಿವೈಸ್ ಮೆಮೊರಿಯೂ ಹಾಗೇ ಬೆಳೆಯುತ್ತದೆ. ಭಾರಿ ಟೆಕ್ಸ್ಚರ್ ಸೀನ್‌ಗಳಲ್ಲಿ ನನಗೆ ಎಂಟು-ಹತ್ತು ಪರ್ಸೆಂಟ್ ಹೆಚ್ಚು ವೇಗ ಸಿಕ್ಕಿತು, ಚಿಕ್ಕ ಸೀನ್‌ಗಳಲ್ಲಿ ಏನೂ ಇಲ್ಲ.

ಕೈಯಿಂದಲೇ ಮಾಡುವವರು ಮೊದಲು ಡೆಸ್ಕ್‌ಟಾಪ್ ನಿಲ್ಲಿಸಿ, ಡ್ರೈವರ್ ಅನ್‌ಬೈಂಡ್ ಮಾಡಿ (ಕಾರ್ಡಿನಿಂದ ಬಿಡಿಸಿ), ಆಮೇಲೆ ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ರಿಸೋರ್ಸ್0 ರೀಸೈಜ್ ಫೈಲಿಗೆ 13 ಬರೆಯಿರಿ. ಸಂಖ್ಯೆ ಎರಡರ ಘಾತ, ಲೆಕ್ಕ ಎಂಬಿಯಲ್ಲಿ: 8 ಅಂದರೆ 256 ಎಂಬಿ, 12 ಅಂದರೆ 4 ಜಿಬಿ. ಡ್ರೈವರ್ ಅಂಟಿಕೊಂಡಿದ್ದರೆ ಬಿಜಿ ಎರರ್. ಜಾಗ ಸಾಲದು ಅಂತ ಬಂದರೆ ಕಾರ್ಡಿನ ಮೇಲ್ಗಡೆಯ ಪಿಸಿಐ ಬ್ರಿಡ್ಜ್ ನೋಡಿ: ಡೋರ್‌ಬೆಲ್ (ಹೊಸ ಕೆಲಸ ಬಂದಿದೆ ಎಂದು ಕಾರ್ಡಿಗೆ ತಿಳಿಸುವ ಜಾಗ) ಇರುವ ಬಾರ್ 2 ಕೂಡ ಅದೇ ವಿಂಡೋದಲ್ಲಿ ಕೂತಿರುತ್ತದೆ, ಅದನ್ನೂ ಬಿಡಿಸಿದರೇ ಬ್ರಿಡ್ಜ್ ಹಿಗ್ಗುವುದು. ಅದೇ ಬ್ರಿಡ್ಜಿನ ಕೆಳಗೆ ಎರಡನೇ ಕಾರ್ಡ್ ಇದ್ದರೆ ಬಿಡಿಸುವ ಸರದಿ ಬೇರೆ. ಅದಕ್ಕೆ ಬರೆದ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇ ಒಳಗಿನ ಗ್ರಾಫಿಕ್ಸ್‌ಗೆ ಕೊಡಿ, ಆಗ ಬೂಟ್ ಫ್ರೇಮ್‌ಬಫರ್ (ಬೂಟ್ ಆಗುವಾಗಿನ ಪರದೆಯ ಮೆಮೊರಿ) ಕಾರ್ಡಿನ ಬಾರ್ ಹಿಡಿಯುವುದಿಲ್ಲ. ಬೇಸಿಗೆಗೆಂದು ಕಾರ್ಡಿನ ವಿದ್ಯುತ್ ಮಿತಿಯ ಪವರ್1 ಕ್ಯಾಪ್ ಫೈಲಿನಲ್ಲಿ 120000000 ಮೈಕ್ರೋವಾಟ್, ಅಂದರೆ 120 ವಾಟ್, ಬರೆದು ನೋಡಿದೆ: ಫ್ಯಾನ್ ಸದ್ದು ಇಳಿಯಿತು, ಬಾರ್ ಲಾಭ ಹಾಗೇ ಉಳಿಯಿತು.